ಸೇತುವೆ ಬೀದಿಯ ದರ್ಜಿ

ಜನವರಿ 18

ಅಪ್ಪನಿಗೆ,

ಕ್ಷೇಮವಾಗಿ ತಲುಪಿದ್ದೇನೆ. ಹೊರಡುವ ದಿನ ನೀವು ಕೆಲಸದ ಜಾಗದಿಂದ ಬರಲಿಲ್ಲ. ಕಾಂಕ್ರೀಟು ಹಾಕುವ ದಿನ ಬಿಟ್ಟು ಬರಲಾಗುವುದಿಲ್ಲವೆಂದು ಅಮ್ಮ ಹೇಳಿದಳು. ಅದು ನನಗೂ ಗೊತ್ತಿರುವ ವಿಷಯವೇ, ಹಾಗಾಗಿ ಬೇಸರವಿಲ್ಲ.

ನಮ್ಮನ್ನು ನದಿ ದಡದ ಒಂದು ಪಟ್ಟಣದಲ್ಲಿ ಇಳಿಸಿದ್ದಾರೆ. ಊರಿನ ಹೆಸರು ಬರೆಯುವಂತಿಲ್ಲ, ಬರೆದರೆ ಮೇಲಿನವರು ಅದರ ಮೇಲೆ ಕಪ್ಪು ಮಸಿ ಬಳಿಯುತ್ತಾರಂತೆ. ಒಂದು ಸೇತುವೆ ಇದೆ. ಅದು ನಮ್ಮ ಬೆನ್ನ ಹಿಂದೆ; ಊರಿನ ಮುಂದಿನ ಗುಡ್ಡದ ಹಿಂದೆ ಅವರು, ನಡುವೆ ನಾವು. ಸೇತುವೆ ಅವರ ಕೈಗೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಸದ್ಯಕ್ಕೆ ಯುದ್ಧವೆಂದರೆ ಗುಂಡಿ ತೋಡುವುದು. ಗುದ್ದಲಿ ಸಹವಾಸ ಸಾಕೆಂದು ಸೈನ್ಯಕ್ಕೆ ಬಂದವನು ಬಂದ ದಿನದಿಂದ ಗುದ್ದಲಿ ಕೆಳಗಿಟ್ಟಿಲ್ಲ. ನಾನು ಗಾರೆ ಮೇಸ್ತ್ರಿಯ ಮಗನೆಂದು ಯಾರೋ ಕ್ಯಾಪ್ಟನ್ ಕಿವಿಗೆ ಹಾಕಿದ್ದಾರೆ. ಮರಳಿನ ಮೂಟೆ ಜೋಡಿಸುವುದು, ಬಂಕರಿಗೆ ಚಾವಣಿ ಹಾಕುವುದು ಎಲ್ಲವನ್ನೂ ಈಗ ನನ್ನ ತಲೆಗೇ ಕಟ್ಟಿದ್ದಾರೆ. ನೀವು ನಗುತ್ತೀರೆಂದು ಗೊತ್ತು.

ನಾವು ಬೀಡುಬಿಟ್ಟಿರುವುದು ಸೇತುವೆಗೆ ಹೋಗುವ ಬೀದಿಯ ಒಂದು ಖಾಲಿ ಶಾಲೆಯಲ್ಲಿ. ಎದುರಿಗೇ ಒಬ್ಬ ದರ್ಜಿಯ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಅವರು, ಅವರ ಹೆಂಡತಿ, ಮತ್ತೆ ಕಾಲು ಸ್ವಾಧೀನವಿಲ್ಲದ ಅವರ ತಾಯಿ. ಅಜ್ಜಿಯನ್ನು ಬೆಳಿಗ್ಗೆ ಕುರ್ಚಿ ಸಮೇತ ತಂದು ಬಾಗಿಲಲ್ಲಿ ಕೂರಿಸುತ್ತಾರೆ. ನಾವು ಬೀದಿ ಅಗೆಯುವುದನ್ನು ನೋಡಿ ಅಜ್ಜಿ ನಮ್ಮನ್ನು ನಲ್ಲಿ ರಿಪೇರಿಯವರು ಅಂದುಕೊಂಡಿದ್ದಾಳೆ. “ಅಗೆಯೋದೊಂದೇ ಆಯ್ತು, ನೀರು ಯಾವತ್ತು ಬಿಡ್ತೀರಿ?” ಎಂದು ದಿನಾ ಗದರುತ್ತಾಳೆ. ನಮ್ಮ ಜೊತೆ ಕೊಕ್ಕರೆ ಎಂಬ ಉದ್ದನೆಯ ಹುಡುಗನಿದ್ದಾನೆ. ಅವನು ಸೆಲ್ಯೂಟ್ ಹೊಡೆದು “ಪೈಪ್ ಬಂದಿಲ್ಲ ಅಜ್ಜಿ, ಬಂದ ತಕ್ಷಣ” ಎನ್ನುತ್ತಾನೆ.

ಅಮ್ಮನಿಗೆ ಹೇಳಿ, ಬನಿಯನ್ನುಗಳು ಬೆಚ್ಚಗಿವೆ.

ನಿಮ್ಮ ಮಗ

ಫೆಬ್ರವರಿ 3

ಮಗನಿಗೆ,

ಕಾಗದ ಬಂತು. ನಾನು ನಗಲಿಲ್ಲ.

ಮರಳಿನ ಮೂಟೆಯನ್ನು ಇಟ್ಟಿಗೆ ಇಡುವ ಹಾಗೇ ಇಡಬೇಕು. ಕೆಳಗಿನ ಸಂದಿನ ಮೇಲೆ ಮೇಲಿನ ಮೂಟೆಯ ಹೊಟ್ಟೆ ಬರಬೇಕು. ಬಾಯಿ ಒಳಮುಖವಾಗಿರಲಿ. ಪೂರ್ತಿ ತುಂಬಬೇಡ, ತಟ್ಟಿದರೆ ಚಪ್ಪಟೆಯಾಗುವಷ್ಟು ಸಡಿಲವಿರಲಿ. ಗೋಡೆ ಮೇಲೆ ಹೋದ ಹಾಗೆ ಸ್ವಲ್ಪ ಒಳಕ್ಕೆ ವಾಲಿರಲಿ. ಇಷ್ಟು ನಿನಗೇ ಗೊತ್ತಿದೆ, ಆದರೂ ಬರೆದೆ.

ನಿನ್ನ ಕೈಯಲ್ಲಿ ಕೆಡವಿಸಿ ಮತ್ತೆ ಕಟ್ಟಿಸಿದ್ದೆನಲ್ಲ, ಆ ಕಾಂಪೌಂಡ್ ಗೋಡೆ, ಅದಕ್ಕೆ ಆ ಮನೆಯವರು ಬಣ್ಣ ಹೊಡೆಸಿದ್ದಾರೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಚೆನ್ನಾಗಿ ನಿಂತಿದೆ. ಅವತ್ತು ಆಳುಗಳ ಎದುರಿಗೆ ಆಡಿದ ಮಾತು ಸ್ವಲ್ಪ ಜಾಸ್ತಿಯೇ ಆಯಿತೆಂದು ನಿನ್ನಮ್ಮ ಈಗಲೂ ಹೇಳುತ್ತಿರುತ್ತಾಳೆ.

ಹೊಟ್ಟೆಗೆ ಸರಿಯಾಗಿ ತಿನ್ನು. ಅದೂ ಅವಳೇ ಬರೆಯಲು ಹೇಳಿದ್ದು.

ಅಪ್ಪ

ಫೆಬ್ರವರಿ 20

ಅಪ್ಪನಿಗೆ,

ಇಷ್ಟು ದಿನ ಬರೆಯಲಾಗಲಿಲ್ಲ. ಗುಡ್ಡದ ಹಿಂದಿನಿಂದ ಶೆಲ್ ಹಾಕಲು ಶುರು ಮಾಡಿದ್ದಾರೆ. ಬೀಳುವ ಮುಂಚೆ ಮೇಲೆ ಎಲ್ಲೋ ಬಟ್ಟೆ ಹರಿದಂಥ ಸದ್ದಾಗುತ್ತದೆ. ಮೊದಲನೆಯ ಸಲ ಕೇಳಿದಾಗ ದರ್ಜಿ ನನ್ನ ಪಕ್ಕದಲ್ಲೇ ನೆಲಕ್ಕೆ ಒರಗಿದ್ದರು. ಸದ್ದು ನಿಂತ ಮೇಲೆ ಮೊಣಕೈ ಧೂಳು ಕೊಡವುತ್ತಾ “ಅಗ್ಗದ ಬಟ್ಟೆ. ಹರಿಯೋ ಸದ್ದಲ್ಲೇ ಗೊತ್ತಾಗುತ್ತೆ” ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಮಂಗಳವಾರ ನಮ್ಮ ರೇಡಿಯೋ ಹುಡುಗ ಹೋದ. ಶಾಲೆಯ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ. ಅದನ್ನು ಅಮ್ಮನಿಗೆ ಓದಿ ಹೇಳಬೇಡಿ. ನಾನು ಅಂದುಕೊಂಡಿದ್ದು ಬೇರೆ ಥರ ಇತ್ತು ಅಪ್ಪ. ಎದುರಾಳಿ ಕಾಣಿಸುತ್ತಾನೆ, ನಾವು ಏನಾದರೂ ಮಾಡುತ್ತೇವೆ ಅಂದುಕೊಂಡಿದ್ದೆ. ಇಲ್ಲಿ ಯಾರೂ ಕಾಣಿಸುವುದಿಲ್ಲ. ಕಾಯುವುದು, ಒರಗುವುದು, ಎದ್ದು ಎಷ್ಟು ಜನ ಇದ್ದೇವೆಂದು ನೋಡುವುದು.

ಬೀದಿ ಖಾಲಿಯಾಗುತ್ತಿದೆ. ಬೇಕರಿಯವನು ಹೋದ, ಔಷಧಿ ಅಂಗಡಿಯವರು ಹೋದರು. ಕೈಗಾಡಿಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಬೆಕ್ಕು. ದರ್ಜಿ ಮಾತ್ರ ಇನ್ನೂ ಇದ್ದಾರೆ. ನಮ್ಮವರ ಹರಿದ ಕಾಲರು, ಕಿತ್ತ ಗುಂಡಿ ಎಲ್ಲಾ ಹೊಲಿದು ಕೊಡುತ್ತಾರೆ. ನಾನು ಬಿಡುವಾದಾಗಲೆಲ್ಲ ಅಲ್ಲೇ ಹೋಗಿ ಕೂರುತ್ತೇನೆ. ಇಸ್ತ್ರಿಯ ವಾಸನೆ, ಮಷೀನಿನ ಸದ್ದು, ಅಜ್ಜಿಯ ಬೈಗುಳ, ಕುಡಿಯಲು ಬಿಸಿ ಟೀ. ಅಲ್ಲಿ ಕೂತರೆ ಹೊರಗೆ ಏನೂ ಆಗುತ್ತಿಲ್ಲ ಅನಿಸುತ್ತದೆ.

ನಿನ್ನೆ ಅವರು ಕತ್ತರಿ ಕೆಳಗಿಟ್ಟು ನೇರವಾಗಿ ಕೇಳಿದರು. “ನೀನು ಗಾರೆಯವರ ಮಗ. ನೋಡಿ ಹೇಳು, ಈ ಮನೆ ತಡೆಯುತ್ತಾ? ನಾವು ಇರಬಹುದಾ?”

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಅಂಗಡಿಯ ಕೆಳಗೆ ಒಂದು ನೆಲಮಾಳಿಗೆ ಇದೆ. ತಳದಲ್ಲಿ ಸುಮಾರು ಸೊಂಟದ ಎತ್ತರಕ್ಕೆ ಕಲ್ಲು, ಅದರ ಮೇಲೆ ಇಟ್ಟಿಗೆಯ ಕಮಾನು ಚಾವಣಿ. ಗೋಡೆಯ ದಪ್ಪ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ. ಸುಣ್ಣದ ಗಾರೆ, ಉಗುರಿನಿಂದ ಕೆರೆದರೆ ಪುಡಿ ಬೀಳುವುದಿಲ್ಲ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಇಳಿಯಲು ಒಂದೇ ಮೆಟ್ಟಿಲದಾರಿ. ನೀವಾಗಿದ್ದರೆ ಕೈಯಲ್ಲಿ ತಟ್ಟಿ ಹೇಳಿಬಿಡುತ್ತಿದ್ದಿರಿ. ನನಗೆ ಅಷ್ಟು ಧೈರ್ಯ ಇಲ್ಲ. ಬೇಗ ಬರೆಯಿರಿ.

ನಿಮ್ಮ ಮಗ

ಮಾರ್ಚ್ 5

ಮಗನಿಗೆ,

ಕಾಗದ ಓದಿದ ತಕ್ಷಣ ಕೂತು ಬರೆಯುತ್ತಿದ್ದೇನೆ. ಕೆಲಸದ ಬಟ್ಟೆ ಕೂಡ ಬದಲಾಯಿಸಿಲ್ಲ.

ನೀನು ನೋಡಿರುವುದು ಸರಿಯಾಗಿದೆ. ಕಮಾನು ಇದ್ದರೆ ಅರ್ಧ ಭಯ ಹೋದ ಹಾಗೆ. ಮೇಲಿನಿಂದ ಭಾರ ಬಿದ್ದಷ್ಟೂ ಇಟ್ಟಿಗೆಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಹಳೇ ಸುಣ್ಣದ ಗಾರೆ ಈಗಿನ ಸಿಮೆಂಟಿನ ಹಾಗೆ ಒಮ್ಮೆಲೇ ಸೀಳುವುದಿಲ್ಲ, ಸ್ವಲ್ಪ ಬಾಗಿಕೊಡುತ್ತದೆ. ಮೂಲೆಯ ಬಿರುಕು ಹಳೆಯದಾ ಹೊಸದಾ ನೋಡು. ಅದರ ಮೇಲೆ ಅಡ್ಡಡ್ಡವಾಗಿ ಒಂದು ತುಂಡು ಕಾಗದ ಗೋಂದಿನಲ್ಲಿ ಅಂಟಿಸು. ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಹರಿಯದಿದ್ದರೆ ಅದರ ಪಾಡಿಗೆ ಅದನ್ನು ಬಿಡು.

ಮಾಡಲೇಬೇಕಾದ್ದು ಎರಡು. ಕಮಾನಿನ ನಡುವಿಗೆ ಉದ್ದಕ್ಕೂ ಒಂದು ದಪ್ಪ ಮರದ ತೊಲೆ ಕೊಟ್ಟು ಕೆಳಗಿನಿಂದ ಕಂಬ ನಿಲ್ಲಿಸು. ಕಂಬದ ಬುಡಕ್ಕೆ ಹಲಗೆ ಹಾಕುವುದು ಮರೆಯಬೇಡ. ಎರಡನೆಯದು, ಇನ್ನೊಂದು ದಾರಿ. ಮೆಟ್ಟಿಲು ಮುಚ್ಚಿಹೋದರೆ ಎಂಥ ಗಟ್ಟಿ ಮನೆಯೂ ಗೋರಿಯೇ. ಹಿತ್ತಲ ಕಡೆ ಗೋಡೆಯಲ್ಲಿ ಒಬ್ಬ ತೆವಳಿ ಹೋಗುವಷ್ಟು ತೂತು ತೆಗೆ. ಒಂದೊಂದೇ ಇಟ್ಟಿಗೆ ಬಿಡಿಸಬೇಕು, ಸುತ್ತಿಗೆಯಲ್ಲಿ ಬಡಿಯಬೇಡ. ಹೇಗೆಂದು ಚಿತ್ರ ಬರೆದಿದ್ದೇನೆ.

ಇಷ್ಟು ಮಾಡಿದರೆ ಆ ನೆಲಮಾಳಿಗೆ ತಡೆಯುತ್ತದೆ. ನಾನು ಹೇಳಿದೆನೆಂದು ಆ ದರ್ಜಿಗೆ ಹೇಳು. ಈ ಕೈಯಲ್ಲಿ ಕಟ್ಟಿದ ಮನೆ ಯಾವುದೂ ಇವತ್ತಿನವರೆಗೆ ಬಿದ್ದಿಲ್ಲ ಎಂದೂ ಹೇಳು.

ನಿನ್ನಮ್ಮ ಏನೋ ಎರಡು ಸಾಲು ಬರೆಯಬೇಕಂತೆ. ಚಿತ್ರಕ್ಕೇ ಹಾಳೆ ಮುಗಿಯಿತು. ಮುಂದಿನ ಸಲ ಬರೆಯುತ್ತಾಳೆ.

ಅಪ್ಪ

ಮಾರ್ಚ್ 24

ಅಪ್ಪನಿಗೆ,

ನಿಮ್ಮ ಚಿತ್ರವನ್ನು ದರ್ಜಿ ತಮ್ಮ ಅಂಗಡಿಯ ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟುಕೊಂಡಿದ್ದಾರೆ. ಕೋಟಿನ ಕಟಿಂಗ್ ನೋಡಿದ ಹಾಗೆ ನೋಡುತ್ತಾರೆ. “ನಿಮ್ಮಪ್ಪ ದರ್ಜಿ ಆಗಬೇಕಿತ್ತು, ಗೆರೆ ಎಷ್ಟು ನೇರ ಬಂದಿದೆ” ಎಂದರು.

ಶಾಲೆಯ ಮುರಿದ ಮಾಳಿಗೆಯಿಂದ ತೊಲೆ ಸಿಕ್ಕಿತು. ಕೊಕ್ಕರೆ, ನಾನು, ದರ್ಜಿ ಮೂವರೂ ಸೇರಿ ಕೆಲವು ಮಧ್ಯಾಹ್ನ ಕೆಲಸ ಮಾಡಿದೆವು. ಕೊಕ್ಕರೆ ಎದ್ದು ನಿಂತಾಗಲೆಲ್ಲ ಕಮಾನಿಗೆ ತಲೆ ಬಡಿಸಿಕೊಳ್ಳುತ್ತಿದ್ದ. ಗಟ್ಟಿ ಇದೆಯಾ ಇಲ್ಲವಾ ಎಂದು ಇವನೇ ಪರೀಕ್ಷೆ ಮಾಡ್ತಿದ್ದಾನೆ ಬಿಡು ಎಂದು ದರ್ಜಿಯ ಹೆಂಡತಿ ನಕ್ಕರು. ಹಿತ್ತಲ ಕಡೆಗೆ ದಾರಿಯನ್ನೂ ತೆಗೆದೆ. ಇಟ್ಟಿಗೆ ಒಂದೊಂದೇ ಬಿಡಿಸಿದೆ. ಒಂದೂ ಒಡೆಯಲಿಲ್ಲ. ನೀವು ನೋಡಬೇಕಿತ್ತು.

ಹೋದ ವಾರ ಮೇಲಂತಸ್ತಿಗೆ ಶೆಲ್ ಬಿತ್ತು. ಅವರ ಮಂಚ, ಬೀರು, ಕಿಟಕಿ ಎಲ್ಲಾ ಬೀದಿಗೆ ಬಂದವು. ನಾನು ಓಡಿಹೋಗಿ ನೋಡಿದರೆ ಮೂವರೂ ಕೆಳಗೆ ಕೂತಿದ್ದಾರೆ, ಮೈಮೇಲೆಲ್ಲ ಸುಣ್ಣದ ಪುಡಿ. ಕಮಾನಿನ ಒಂದು ಇಟ್ಟಿಗೆ ಕದಲಿಲ್ಲ. ಅಜ್ಜಿ ನನ್ನನ್ನು ನೋಡಿ “ಈಗ ಬಂದೆಯಾ, ಪೈಪ್ ಒಡೆದ ಮೇಲೆ?” ಎಂದಳು.

ಅವರಿಗೆ ಧೈರ್ಯ ಬಂದಿದೆ. ಸೇತುವೆಯಾಚೆ ತಮ್ಮ ಅತ್ತಿಗೆಯ ಮನೆಯಿದೆ, ಹೋಗೋಣವೆಂದು ದರ್ಜಿಯ ಹೆಂಡತಿ ಹೇಳುತ್ತಿದ್ದರು. ಈಗ ಅವರೂ ಸುಮ್ಮನಾಗಿದ್ದಾರೆ. “ನಾವು ಇಲ್ಲಿರೋ ತನಕ ನಿಮಗೇನೂ ಆಗಲ್ಲ, ಆರಾಮಾಗಿರಿ” ಎಂದು ನಾನೂ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಅವರು ಹೋಗದೇ ಇದ್ದದ್ದು ನನಗೆ ಸಂತೋಷವೇ ಆಯಿತು.

ನಿಮ್ಮ ಮಗ

ಏಪ್ರಿಲ್ 7

ಮಗನಿಗೆ,

ನಿನ್ನ ಕಾಗದವನ್ನು ಕೆಲಸದ ಜಾಗಕ್ಕೆ ತೆಗೆದುಕೊಂಡು ಹೋಗಿ ಎಲ್ಲರಿಗೂ ಓದಿ ಹೇಳಿದೆ. ಬಡಗಿ ನಂಬಲಿಲ್ಲ, ಅವನಿಗೆ ಎರಡು ಸಲ ಓದಿದೆ. ಒಂದು ಇಟ್ಟಿಗೆಯೂ ಒಡೆಯಲಿಲ್ಲ ಎಂದಿದ್ದೀಯಲ್ಲ, ಆ ಸಾಲು.

ನೀನು ಬಂದ ಮೇಲೆ ನನ್ನ ಜೊತೆಗೇ ಕೆಲಸ ಮಾಡಬೇಕೆಂದೇನೂ ಇಲ್ಲ. ಬೇಕಾದರೆ ಬೇರೆಯಾಗಿಯೇ ಒಪ್ಪಂದ ಹಿಡಿ. ಸುಮ್ಮನೆ ಹೇಳಿದೆ.

ಅಪ್ಪ

ಮೇ 12

ಮಗನಿಗೆ,

ಸೇತುವೆಯ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದೆವು. ನಮ್ಮವರೇ ಉಡಾಯಿಸಿ ಹಿಂದಕ್ಕೆ ಸರಿದರಂತೆ. ಅದು ನಿಮ್ಮ ಸೇತುವೆಯಾ ಬೇರೆಯದಾ ಗೊತ್ತಾಗಲಿಲ್ಲ. ನೀನು ಸರಿಯಾಗಿದ್ದೀಯಾ ಎಂದು ಒಂದು ಸಾಲು ಬರೆ. ಉದ್ದಕ್ಕೆ ಬರೆಯಬೇಕಾಗಿಲ್ಲ.

ಅಪ್ಪ

ಜೂನ್ 9

ಕಂದಾ,

ನಿಮ್ಮಪ್ಪ ಬರೆದದ್ದು ತಲುಪಿತೋ ಇಲ್ಲವೋ ಎಂದು ನಾನೇ ಬರೆಯುತ್ತಿದ್ದೇನೆ. ಅವರು ಈಗ ಅಂಚೆಯವನು ಬರುವ ಹೊತ್ತಿಗೆ ಊಟಕ್ಕೆಂದು ಮನೆಗೆ ಬರುತ್ತಾರೆ. ಮೊದಲು ಯಾವತ್ತೂ ಬಂದವರಲ್ಲ. ಊಟವನ್ನೂ ಸರಿಯಾಗಿ ಮಾಡುವುದಿಲ್ಲ. ಬಾಗಿಲ ಕಡೆ ನೋಡಿಕೊಂಡು ಕೂತು, ಎದ್ದು ಹೋಗುತ್ತಾರೆ.

ನಿನ್ನ ಮೇಲೆ ಕೋಪ ಯಾರಿಗೂ ಇಲ್ಲ. ಏನಾಗಿದ್ದರೂ ಬರೆ.

ಅಮ್ಮ

ಜುಲೈ 2

ಅಮ್ಮನಿಗೆ,

ಬದುಕಿದ್ದೇನೆ. ಆಸ್ಪತ್ರೆಯಲ್ಲಿದ್ದೇನೆ. ಎಡಭುಜಕ್ಕೆ ಪೆಟ್ಟಾಗಿದೆ, ಕೈ ತಲೆಯ ಮಟ್ಟಕ್ಕೆ ಏಳುವುದಿಲ್ಲ. ಮಿಕ್ಕಂತೆ ಚೆನ್ನಾಗಿದ್ದೇನೆ. ಕೊಕ್ಕರೆ ಹಿಂದಕ್ಕೆ ಬರುವ ದಾರಿಯಲ್ಲೇ ತೀರಿಹೋದ. ಇಲ್ಲಿಗೆ ಬರುವುದು ಬೇಡ. ಅಪ್ಪ ದರ್ಜಿಯ ಬಗ್ಗೆ ಕೇಳಿದರೆ ಗೊತ್ತಿಲ್ಲವೆಂದು ಹೇಳು.

ನಿನ್ನ ಮಗ

ಸೆಪ್ಟೆಂಬರ್ 14

ಅಪ್ಪನಿಗೆ,

ಆಸ್ಪತ್ರೆಗೆ ನೀವು ಬರೆದ ನಾಲ್ಕೂ ಕಾಗದ ತಲುಪಿವೆ. ಉತ್ತರ ಬರೆಯದೇ ಇದ್ದದ್ದು ಕೈನೋವಿನಿಂದಲ್ಲ, ನೋವಿರುವುದು ಎಡಗೈ.

ಕದನ ನಿಂತ ಮೇಲೆ ನನ್ನನ್ನು ಸೈನ್ಯದಿಂದ ಬಿಡುಗಡೆ ಮಾಡಿದರು. ಮನೆಗೆ ಬರಬೇಕಿತ್ತು. ಈ ನಗರದಲ್ಲಿ ರೈಲು ಬದಲಾಯಿಸಲು ಇಳಿದವನು ಇಲ್ಲೇ ಉಳಿದುಬಿಟ್ಟೆ. ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ. ಸರಕು ಗೋದಾಮಿನಲ್ಲಿ ಬಾಗಿಲು ಕಾಯುವ ಕೆಲಸ. ಒಂದು ಕೈಯಲ್ಲಿ ಮಾಡಬಹುದಾದ್ದು.

ನೀವು ಪ್ರತಿ ಕಾಗದದಲ್ಲೂ ಆ ಮನೆ ನಿಂತಿತಾ ಎಂದು ಕೇಳಿದ್ದೀರಿ. ನಿಂತಿದೆ. ಮೇಲೆ ಆಕಾಶ ಕಾಣುತ್ತದೆ, ಆದರೆ ಅಂಗಡಿಯೂ ನೆಲಮಾಳಿಗೆಯೂ ಹಾಗೇ ಇವೆ. ಬಿರುಕಿನ ಮೇಲೆ ಅಂಟಿಸಿದ ಕಾಗದ ಕೂಡ ಹರಿದಿಲ್ಲ. ಗೋಡೆ ನಿಂತಿತು ಅಪ್ಪ. ನಾವು ನಿಲ್ಲಲಿಲ್ಲ.

ಮೇ ಮೊದಲ ವಾರ, ಬೆಳಗಿನ ತಿಂಡಿಯ ಹೊತ್ತಿಗೆ ಕ್ಯಾಪ್ಟನ್ ಎಲ್ಲರನ್ನೂ ಶಾಲೆಯ ಒಳಗೆ ಕರೆದರು. ಮಧ್ಯಾಹ್ನಕ್ಕೆ ಊರು ಬಿಡುತ್ತೇವೆ, ಕೊನೆಯ ಲಾರಿ ಸೇತುವೆ ದಾಟಿದ ಮೇಲೆ ಅದನ್ನು ಉಡಾಯಿಸುತ್ತಾರೆ, ಜನರಿಗೆ ಯಾರೂ ಬಾಯಿ ಬಿಡಕೂಡದು ಎಂದರು. ಜನ ಗಾಬರಿಯಾಗಿ ರಸ್ತೆಗೆ ಇಳಿದರೆ ಲಾರಿ ಮುಂದೆ ಹೋಗುವುದಿಲ್ಲ, ಸಿಕ್ಕಿಬಿದ್ದರೆ ಎಲ್ಲರೂ ಸಾಯುತ್ತೇವೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಸ್ಪತ್ರೆಯಲ್ಲಿ ಬೇಕಾದಷ್ಟು ಸಮಯ ಇತ್ತು. ಸಿಗಲಿಲ್ಲ.

ನಾವು ಮೂಟೆ ಕಟ್ಟುತ್ತಿರುವಾಗ ದರ್ಜಿ ರಸ್ತೆ ದಾಟಿ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಇತ್ತು.

“ಏನಪ್ಪಾ, ಎಲ್ಲಾ ಕಟ್ತಾ ಇದ್ದೀರಿ?”

“ಜಾಗ ಬದಲಾಯಿಸ್ತಾ ಇದ್ದೀವಿ, ಅಷ್ಟೆ.”

“ಮತ್ತೆ ಬರೋದು?”

“ನಾಳೆ ಬರ್ತೀವಿ” ಎಂದೆ.

ಹಗ್ಗದ ಗಂಟು ಬಿಗಿಯುತ್ತಾ ಹೇಳಿದೆ. ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಇನ್ನೇನೋ ಹೇಳುತ್ತಾರೆ ಅನಿಸಿತು. ಆಮೇಲೆ, “ಸರಿ ಹಾಗಾದ್ರೆ. ನಿನ್ನ ಕೋಟಿಗೆ ಒಳಬಟ್ಟೆ ಹಾಕ್ತಾ ಇದ್ದೀನಿ, ನಾಳೆಗೆ ಆಗಿರುತ್ತೆ” ಎಂದು ಹೇಳಿ ಹೋದರು. ನಮ್ಮ ಲಾರಿ ಅವರ ಬಾಗಿಲ ಮುಂದೆಯೇ ಹೋಯಿತು. ಅಜ್ಜಿ ಕುರ್ಚಿಯಲ್ಲಿದ್ದಳು. ಕೊಕ್ಕರೆ ಎಂದಿನಂತೆ ಸೆಲ್ಯೂಟ್ ಹೊಡೆದ. ನಾನು ಆ ಕಡೆ ತಿರುಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಊರು ಮತ್ತೆ ನಮ್ಮ ಕಡೆಗೆ ಬಂತು. ಬಸ್ಸು ಬಿಡಲು ಶುರು ಮಾಡಿದ ವಾರವೇ ಹೋದೆ. ಅಂಗಡಿಯಲ್ಲಿ ದರ್ಜಿಯ ಹೆಂಡತಿ ಒಬ್ಬರೇ ಮಷೀನ್ ತುಳಿಯುತ್ತಿದ್ದರು. ಒಳಗೆ ಕರೆದು, ಕುಡಿಯಲು ನೀರು ಕೊಟ್ಟು, ಏನೂ ಕೇಳದೇ ಎಲ್ಲಾ ಹೇಳಿದರು. ಆ ಕಡೆಯವರು ಬಂದು ಮನೆ ಮನೆ ನೋಡಿದರಂತೆ. ಅಂಗಡಿಯಲ್ಲಿ ನಮ್ಮವರ ಬಟ್ಟೆ ಸಿಕ್ಕಿತು. ಯಾರಿಗೆ ಹೊಲಿದೆ, ಅವರು ಎಲ್ಲಿ ಹೋದರು ಎಂದು ಕೇಳಿದರು. ಗೊತ್ತಿಲ್ಲ, ನಾಳೆ ಬರ್ತೀವಿ ಅಂದಿದ್ದರು ಎಂದು ದರ್ಜಿ ಹೇಳಿದರಂತೆ. ತಮಾಷೆ ಮಾಡುತ್ತಿದ್ದಾನೆಂದು ಒಬ್ಬ ಹೊಡೆದ. ಕರೆದುಕೊಂಡು ಹೋದರು. ಎಲ್ಲಿಗೆ ಎಂದು ಇವತ್ತಿಗೂ ಯಾರೂ ಹೇಳಿಲ್ಲ. ಅಜ್ಜಿ, ಮಗ ನಲ್ಲಿಯವರನ್ನು ಕರೆಯಲು ಹೋಗಿದ್ದಾನೆ ಅಂದುಕೊಂಡೇ ಜೂನ್‌ನಲ್ಲಿ ತೀರಿಕೊಂಡಳು. ಸಿಕ್ಕಿದ್ದು ಯಾರ ಬಟ್ಟೆ ಎಂದು ನಾನು ಕೇಳಲಿಲ್ಲ.

ಎಲ್ಲಾ ಹೇಳಿ ಮುಗಿಸಿ ನನ್ನನ್ನೇ ನೋಡಿದರು. “ಆವತ್ತು ಊರು ಬಿಡ್ತೀರಿ ಅಂತ ನಿನಗೂ ಗೊತ್ತಿರ್ಲಿಲ್ಲ, ಅಲ್ವಾ?” ಎಂದರು.

ನಾನು ಇಲ್ಲವೆಂದು ತಲೆಯಾಡಿಸಿದೆ. ನೀರು ಕುಡಿದು ಎದ್ದು ಬಂದೆ.

ಇದನ್ನು ಇಟ್ಟುಕೊಂಡು ಮನೆಗೆ ಬಂದು ನಿಮ್ಮ ಎದುರು ಹೇಗೆ ಕೂರಲಿ? ಬಡಗಿಗೆ ಆ ಕಾಗದ ಓದಿದ ಹಾಗೆ ಇದನ್ನು ಯಾರಿಗೂ ಓದಬೇಡಿ.

ನಿಮ್ಮ ಮಗ

ಸೆಪ್ಟೆಂಬರ್ 27

ಮಗನಿಗೆ,

ನಿನ್ನ ಕಾಗದವನ್ನು ನಿನ್ನಮ್ಮನೇ ಓದಿದಳು. ನನಗೆ ಕೊನೆಯವರೆಗೆ ಓದಲಾಗಲಿಲ್ಲ. ಆ ದಿನ ಕೆಲಸಕ್ಕೂ ಹೋಗಲಿಲ್ಲ.

ನಾನು ನಿನಗೆ ಒಂದು ವಿಷಯ ಹೇಳಬೇಕು. ಫೆಬ್ರವರಿಯಲ್ಲಿ ಗೋಡೆಯ ಬಗ್ಗೆ ಬರೆದಿದ್ದೆಯಲ್ಲ, ಅದನ್ನು ನಾನು ಜೋರಾಗಿ ಓದಿದಾಗ ನಿನ್ನಮ್ಮ ಒಲೆಯ ಹತ್ತಿರದಿಂದಲೇ, “ಅವರು ಕೇಳ್ತಿರೋದು ಗೋಡೆ ವಿಷಯ ಅಲ್ಲ, ಹೋಗ್ಬೇಕಾ ಇರ್ಬೇಕಾ ಅಂತ. ಹೋಗ್ರಿ ಅಂತ ಬರೀರಿ” ಎಂದಳು. ಅವನು ಕೇಳಿರುವುದು ನನ್ನನ್ನು, ನನಗೆ ಗೊತ್ತಿರುವುದನ್ನು ನಾನು ಬರೆಯುತ್ತೇನೆ ಎಂದೆ. ಅವಳು ಬರೆಯಬೇಕೆಂದಿದ್ದ ಎರಡು ಸಾಲು ಅದೇ. ಹಾಳೆಯಲ್ಲಿ ಜಾಗ ಇಲ್ಲವೆಂದು ನಾನು ಹೇಳಿದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ಇನ್ನೊಂದು ಹಾಳೆ ಇರಲಿಲ್ಲವೇ?

ಮೂರು ವರ್ಷ ನೀನು ನನ್ನನ್ನು ಕೆಲಸದ ಬಗ್ಗೆ ಏನೂ ಕೇಳಿರಲಿಲ್ಲ. ಕೇಳಿದೆಯಲ್ಲ ಎಂಬ ಖುಷಿಯಲ್ಲಿ ಮೇಸ್ತ್ರಿಯಂತೆ ಉತ್ತರ ಬರೆದೆ. ಮೂರು ಜೀವ ಅಲ್ಲಿ ಕೂತಿದೆ ಎಂಬುದು ಕಣ್ಣಿಗೇ ಬೀಳಲಿಲ್ಲ. ಕಮಾನು ಕಂಡಿತು, ತೊಲೆ ಕಂಡಿತು. ನೀನು ನಾಳೆ ಬರ್ತೀವಿ ಎಂದದ್ದು ಅಪ್ಪಣೆಗೆ ಸಿಕ್ಕಿ. ನನಗೆ ಯಾರ ಅಪ್ಪಣೆ ಇತ್ತು?

ಆ ಹೆಂಗಸಿಗೆ ನಿಜ ಹೇಳಬೇಕಾ ಎಂದು ನೀನು ಕೇಳಿಲ್ಲ, ಆದರೆ ಕೇಳುತ್ತಿದ್ದೀಯ. ಹೇಳಿದರೆ ನಿನಗೆ ಹಗುರವಾಗಬಹುದು, ಅವಳಿಗೆ ಏನಾಗುತ್ತದೋ ಗೊತ್ತಿಲ್ಲ. ಈ ಸಲ ನಾನು ಗೊತ್ತಿರುವವನ ಹಾಗೆ ಬರೆಯುವುದಿಲ್ಲ. ಕೆಳಗೆ ಅರ್ಧ ಹಾಳೆ ಬಿಟ್ಟಿದ್ದೇನೆ.

ಅಪ್ಪ

ಕಂದಾ, ಹೋಗಿ ಹೇಳಿ ಬಾ. ಅವಳು ಬೈದರೆ ಬೈಸಿಕೋ. ಅವಳು ನಿನ್ನನ್ನು ಕೇಳಿದ್ದಾಳೆ, ಕೇಳಿದವರಿಗೆ ಉತ್ತರ ಕೊಡಬೇಕು. ಆಮೇಲೆ ಮನೆಗೆ ಬಾ. ಬರದಿದ್ದರೆ ಆ ಸೈಕಲ್ ಅಂಗಡಿ ಎಲ್ಲಿದೆಯೆಂದು ಹುಡುಕಿಕೊಂಡು ನಾವೇ ಬರುತ್ತೇವೆ. ನಿಮ್ಮಪ್ಪ ಆಗಲೇ ರೈಲಿನ ಸಮಯ ವಿಚಾರಿಸಿ ಬಂದಿದ್ದಾರೆ.

ಅಮ್ಮ

ಅಕ್ಟೋಬರ್ 11

ಅಪ್ಪ, ಅಮ್ಮನಿಗೆ,

ಶನಿವಾರ ಸಂಜೆಯ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ, ಸಾಮಾನು ಹೆಚ್ಚಿಲ್ಲ. ಬಂದ ಮೇಲೆ ಈ ವಿಷಯ ಎತ್ತಬೇಡಿ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲೇ ಬರೆದುಬಿಡುತ್ತೇನೆ. ಅಪ್ಪ, ಇದನ್ನು ಕೊನೆಯವರೆಗೆ ನೀವೇ ಓದಿ.

ಮೊನ್ನೆ ಹೋದೆ. ಬೀದಿಯಲ್ಲಿ ಒಂದೆರಡು ಅಂಗಡಿ ತೆರೆದಿವೆ. ಶಾಲೆಯ ಅಂಗಳದ ಗುಂಡಿಗಳನ್ನು ಮುಚ್ಚುತ್ತಿದ್ದರು. ದರ್ಜಿಯ ಹೆಂಡತಿ ಯಾರದೋ ಪರದೆ ಹೊಲಿಯುತ್ತಿದ್ದರು. ಕೂತುಕೋ ಎಂದರು. ಕೂತರೆ ಹೇಳಲಾಗುವುದಿಲ್ಲ ಅನಿಸಿತು, ನಿಂತೇ ಹೇಳಿದೆ. ಆವತ್ತು ಬೆಳಿಗ್ಗೆಯೇ ಗೊತ್ತಿತ್ತು, ಮತ್ತೆ ಬರುವುದಿಲ್ಲವೆಂದು ಗೊತ್ತಿದ್ದೂ ನಾಳೆ ಬರ್ತೀವಿ ಅಂದೆ, ಹೋದ ಸಲ ನೀವು ಕೇಳಿದಾಗಲೂ ಸುಳ್ಳು ಹೇಳಿದೆ ಎಂದೆ.

ಅವರು ಮಷೀನಿನ ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು.

“ಗೊತ್ತು” ಎಂದರು. “ಹೋದ ಸಲ ನೀನಾಗೇ ಹೇಳ್ತೀಯೇನೋ ಅಂತ ಕೇಳ್ದೆ.”

ಅವರು ಪರದೆಯನ್ನು ಮಡಿಲಿಗೆ ಎಳೆದುಕೊಂಡರು.

“ಅವ್ರಿಗೂ ಗೊತ್ತಿತ್ತು ಕಣಪ್ಪಾ. ನಿನ್ನ ಹತ್ರ ಮಾತಾಡಿ ಒಳಗೆ ಬಂದ್ರಲ್ಲ, ಬಂದವ್ರೇ, ಹೊರಟ್ರು ಕಣೇ, ಆ ಹುಡುಗ ಮುಖ ಕೊಟ್ಟು ಮಾತಾಡ್ಲಿಲ್ಲ ಅಂದ್ರು. ಹಾಗಾದ್ರೆ ನೀವು ಕೇಳಿದ್ರಾ ಅಂದೆ. ಇಲ್ಲ ಅಂದ್ರು.”

“ಏನನ್ನ?” ಎಂದೆ.

“ಅವ್ರು ನಿನ್ನ ಹತ್ರ ಬಂದಿದ್ದೇ ಅದಕ್ಕೆ. ನೀವು ಕಟ್ತಿರೋದನ್ನ ಕಿಟಕಿಯಿಂದ ನೋಡಿ ಇಬ್ರೂ ಮಾತಾಡಿಕೊಂಡಿದ್ವಿ. ಅಮ್ಮನ್ನ ಕುರ್ಚಿ ಸಮೇತ ಲಾರಿಯಲ್ಲಿ ಕೂರಿಸಿಕೊಂಡು ದಾಟಿಸ್ತಾರಾ ಕೇಳೋಣ, ನಾವಿಬ್ರೂ ಹಿಂದೆ ನಡ್ಕೊಂಡು ಬರೋಣ ಅಂತ. ನೀನು ಇಲ್ಲ ಅನ್ನಲ್ಲ ಅಂತ ಅವ್ರಿಗೆ ಧೈರ್ಯ ಇತ್ತು.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ನಾಳೆ ಬರ್ತೀವಿ ಅಂದೆಯಲ್ಲ. ಅಷ್ಟು ಹೇಳ್ದವ್ನ ಹತ್ರ ಇವತ್ತೇ ಕರ್ಕೊಂಡು ಹೋಗು ಅಂದ್ರೆ, ನೀನು ಸುಳ್ಳು ಹೇಳ್ತಿದ್ದೀಯ ಅಂತ ಮುಖಕ್ಕೇ ಹೇಳ್ದಂಗೆ ಆಗಲ್ವಾ ಅಂದ್ರು. ಆ ಹುಡುಗ ಆಗ್ಲೇ ಅಷ್ಟು ಕಷ್ಟಪಡ್ತಿದ್ದ ಅಂದ್ರು.” ಪರದೆಯ ಅಂಚನ್ನು ಉಗುರಿನಿಂದ ತೀಡುತ್ತಾ ಕೂತರು. “ನಾನು ಬೈದೆ. ಹೋಗಿ ಕೇಳಿ, ಅವ್ನ ಮುಖ ಕಟ್ಕೊಂಡು ನಮಗೇನು ಅಂದೆ. ಚಪ್ಪಲಿ ಮೆಟ್ಟಿ ಹೊರಟ್ರು. ಅಷ್ಟೊತ್ತಿಗೆ ನಿಮ್ಮ ಲಾರಿ ಬಾಗಿಲು ದಾಟಿತ್ತು.”

ಹೊರಗೆ ಗುಂಡಿಗೆ ಮಣ್ಣು ಸುರಿಯುವ ಸದ್ದು ಕೇಳುತ್ತಿತ್ತು. ನಾನು ಕ್ಷಮೆ ಕೇಳಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಹೊರಡಲೆಂದು ತಿರುಗಿದಾಗ ಅವರು ಕೇಳಿದರು.

“ಲಾರಿಯಲ್ಲಿ ಜಾಗ ಇತ್ತಾ?”

ನಾನು, ಕೊಕ್ಕರೆ ಮತ್ತೆ ಇನ್ನೂ ನಾಲ್ಕು ಜನ ಇದ್ದೆವು ಅಪ್ಪ. ಕಾಲು ಚಾಚಿಕೊಂಡು ಕೂತಿದ್ದೆವು.

“ಇತ್ತು” ಎಂದೆ.

ಅವರು ತಲೆಯಾಡಿಸಿ, ಪರದೆಯನ್ನು ಸೂಜಿಯ ಕೆಳಗೆ ಸರಿಸಿಕೊಂಡು ಮತ್ತೆ ಮಷೀನ್ ತುಳಿಯತೊಡಗಿದರು.

ನಿಮ್ಮ ಮಗ